ಹೆಣ್ಣುಬಣ್ಣ

ಹಬ್ಬಕ್ಕೆ ಹೊಸ ಸೀರೆ ಉಟ್ಟರೆ ಯಾರೂ ತಕರಾರು ತೆಗೆಯುವುದಿಲ್ಲ. ‘ಎಲ್ಲಿ ತಗೊಂಡದ್ದು, ಎಷ್ಟು ಕೊಟ್ಟೆ’ ಎಂದು ಸೆರಗು ಮುಟ್ಟಿ ನೋಡುತ್ತಾರೆ, ಅಷ್ಟೆ. ಮುಡಿ ತುಂಬ ಭಟ್ಕಳ ಮಲ್ಲಿಗೆ ಮುಡಿದರೆ ಮೆಚ್ಚುತ್ತಾರೆ. ಬಂಗಾರ ಹೇರಿಕೊಂಡರಂತೂ ಗೌರವವೇ ಒಂದು ಮೆಟ್ಟಿಲು ಮೇಲೇರುತ್ತದೆ. ಆದರೆ ಅದೇ ಹೆಂಗಸು ಕಣ್ಣಿನ ರೆಪ್ಪೆಯ ಮೇಲೆ ಬೆರಳ ತುದಿಯಷ್ಟು ಹಸಿರನ್ನೋ ನೀಲಿಯನ್ನೋ ಸವರಿಕೊಂಡು ಜಗಲಿಗೆ ಬರಲಿ, ಕ್ಷಣಹೊತ್ತು ಮನೆಯಲ್ಲಿ ಮಾತು ನಿಲ್ಲುತ್ತದೆ. ಆಮೇಲೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: ‘ಇದೆಲ್ಲ ಯಾರಿಗೆ ತೋರಿಸಲಿಕ್ಕೆ?’

ಈ ಪ್ರಶ್ನೆಯ ಮೇಲೆ ನನಗೆ ಬಹಳ ದಿನಗಳ ಸಿಟ್ಟಿದೆ. ಸೀರೆ ಯಾರಿಗೆ ತೋರಿಸಲಿಕ್ಕೆ? ಸರ ಯಾರಿಗೆ? ಅಂಗಳದ ರಂಗೋಲಿ ಯಾರಿಗೆ? ಚೌತಿಯ ಗಣಪನ ಮೇಲೆ ಕಟ್ಟುವ ಫಲಾವಳಿ ಯಾರಿಗೆ? ಹಬ್ಬವೆಂದರೇ ನೋಡುವುದು ಮತ್ತು ತೋರಿಸುವುದು. ಉಳಿದ ಯಾವುದಕ್ಕೂ ಇಲ್ಲದ ವಿಚಾರಣೆ ಎರಡು ರೆಪ್ಪೆಯಷ್ಟು ಜಾಗಕ್ಕೆ ಮಾತ್ರ ಯಾಕೆ?

ನಾನು ಹೊನ್ನಾವರದ ಕಡೆಯ ಹಳ್ಳಿಯಲ್ಲಿ ಹುಟ್ಟಿ, ಕುಮಟೆಗೆ ಸೊಸೆಯಾಗಿ ಬಂದು, ಭಟ್ಕಳದಲ್ಲಿ 22 ವರ್ಷ ನೌಕರಿ ಮಾಡಿದವಳು. ಬಸ್ಸಿನಲ್ಲಿ, ರೈಲಿನಲ್ಲಿ ದಿನಾ ಶರಾವತಿ ದಾಟಿ ಓಡಾಡಿದವಳು. ಈ ಮೂರೂ ಊರಿನ ಹೆಂಗಸರ ಪಕ್ಕದಲ್ಲಿ ಕೂತು ಕೇಳಿದ ಮಾತುಗಳ ಬಲದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಬಣ್ಣ ಬೇಡವೆನ್ನುವವರು ಸಾಧಾರಣವಾಗಿ ನಾಲ್ಕು ಕಾರಣ ಕೊಡುತ್ತಾರೆ. ಇದು ನಮ್ಮ ಸಂಸ್ಕೃತಿಯಲ್ಲಿ ಇಲ್ಲ. ನಮ್ಮ ಮೈಬಣ್ಣಕ್ಕೆ ಒಪ್ಪುವುದಿಲ್ಲ. ಇದೆಲ್ಲ ಕಂಪನಿಗಳ ಮೋಸ. ನಮ್ಮ ವಯಸ್ಸಿಗೆ ಸಲ್ಲದು. ಒಂದೊಂದಾಗಿ ನೋಡೋಣ.

ಮೊದಲು ಸಂಸ್ಕೃತಿ. ಮುಖಕ್ಕೆ ಬಣ್ಣ ಬಳಿಯುವುದು ನಮ್ಮದಲ್ಲವೆಂದು ಹೊನ್ನಾವರ ತಾಲೂಕಿನಲ್ಲಿ ಕೂತು ಹೇಳುವುದಕ್ಕೆ ನಿಜಕ್ಕೂ ಧೈರ್ಯ ಬೇಕು. ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮಹಾಗಣಪತಿಯ ಹೆಸರಿನಲ್ಲಿ ಮೇಳ ಕಟ್ಟಿದರು. ಅವರ ಮಗ ಶಂಭು ಹೆಗಡೆಯವರ ವೇಷ ನೋಡಲು ನಮ್ಮ ತಾಯಂದಿರು ಚಾಪೆ ಸುತ್ತಿಕೊಂಡು ಮೈಲಿಗಟ್ಟಲೆ ನಡೆಯುತ್ತಿದ್ದರು. ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ 2012ರಲ್ಲಿ ಪದ್ಮಶ್ರೀ ಬಂದಾಗ ಊರಿಗೆ ಊರೇ ತನಗೇ ಬಂತೆಂದು ಹಿಗ್ಗಿತು. ಇಂಥ ಕಲಾವಿದರೆಲ್ಲ ಚೌಕಿಯಲ್ಲಿ ಸಣ್ಣ ಕನ್ನಡಿ ಎದುರಿಗಿಟ್ಟು ತಮ್ಮ ಮುಖಕ್ಕೆ ತಾವೇ ಬಣ್ಣ ಬರೆದುಕೊಳ್ಳುವವರು. ಅರದಾಳದ ಹಳದಿ, ಇಂಗಳೀಕದ ಕೆಂಪು, ಸಫೇತಿನ ಬಿಳಿ, ಕಾಡಿಗೆಯ ಕಪ್ಪು. ರಾಕ್ಷಸನ ಬಣ್ಣದ ವೇಷವಾದರೆ ಬರೆದು ಮುಗಿಸಲು ಗಂಟೆಗಟ್ಟಲೆ ಹೊತ್ತು. ‘ಯಾರಿಗೆ ತೋರಿಸಲಿಕ್ಕೆ’ ಎಂದು ಅವರನ್ನು ಯಾರೂ ಕೇಳಿದ್ದಿಲ್ಲ. ಸುಗ್ಗಿಯಲ್ಲಿ ಹಾಲಕ್ಕಿ ಗಂಡಸರು ತಲೆಯ ಮೇಲೆ ಬಣ್ಣಬಣ್ಣದ ತುರಾಯಿ ಹೊತ್ತು ಕುಣಿಯುತ್ತ ಬಂದರೆ ಅವರನ್ನೂ ಕೇಳಿದ್ದಿಲ್ಲ. ದೀಪಾವಳಿಗೆ ಗೋಡೆಗೆ ಕೆಮ್ಮಣ್ಣು ಬಳಿದು ಶೇಡಿಯಲ್ಲಿ ಚಿತ್ತಾರ ಬರೆದವರು ನಾವೇ. ಗೋಡೆ ಬಣ್ಣ ಹಚ್ಚಿಕೊಳ್ಳಬಹುದು, ಗಂಡಸು ಹಚ್ಚಿಕೊಳ್ಳಬಹುದು. ಗೋಡೆಗೆ ಹಚ್ಚಿದ ಕೈ ಮಾತ್ರ ಅದನ್ನು ತನ್ನ ಮುಖಕ್ಕೆ ತರಬಾರದು.

ಹಾಗಾದರೆ ಹೆಂಗಸಿನ ಮುಖದ ಬಣ್ಣದ ಬಗ್ಗೆ ಇಷ್ಟು ಭಯ ಎಲ್ಲಿಂದ ಬಂತು? ಉತ್ತರ ಅದೇ ಚೌಕಿಯಲ್ಲಿದೆಯೆಂದು ನನಗೆ ಅನ್ನಿಸುತ್ತದೆ. ಆಟದಲ್ಲಿ ಸೀತೆ, ದಮಯಂತಿಯರ ಸ್ತ್ರೀವೇಷಕ್ಕೆ ಬಣ್ಣ ಕಡಿಮೆ. ಹೆಚ್ಚುಕಡಿಮೆ ನಮ್ಮ ನಿಮ್ಮ ಹಾಗೆಯೇ ಇರುತ್ತಾರೆ. ಮುಖದ ತುಂಬ ಗಾಢ ಬಣ್ಣ ಬರೆದುಕೊಂಡ ಹೆಂಗಸೆಂದರೆ ಶೂರ್ಪನಖಿ, ಹಿಡಿಂಬೆ, ತಾಟಕಿ. ಆ ಜಾತಿಯ ವೇಷಕ್ಕೆ ಹೆಸರೇ ‘ಹೆಣ್ಣುಬಣ್ಣ’. ಬಣ್ಣ ಬಳಿದವಳು ರಕ್ಕಸಿ, ಬಳಿಯದವಳು ಗರತಿ ಎಂಬ ಲೆಕ್ಕ ಚಿಕ್ಕಂದಿನಿಂದಲೇ ನಮ್ಮ ಕಣ್ಣಿಗೆ ಇಳಿದುಬಿಟ್ಟಿದೆ. ಈ ಎರಡೂ ಬಗೆಯ ವೇಷ ಕಟ್ಟಿ ನಮಗೆ ಹೆಣ್ತನದ ಪಾಠ ಹೇಳುತ್ತಿದ್ದವರು ಗಂಡಸರೇ ಎಂಬುದನ್ನೂ ನೆನಪಿಡಿ. ಹೆಣ್ಣುಮಕ್ಕಳು ಗೆಜ್ಜೆ ಕಟ್ಟಲು ಶುರುಮಾಡಿದ್ದು ತೀರ ಈಚೆಗೆ.

ಆದರೆ ಪಂಚವಟಿ ಪ್ರಸಂಗವನ್ನು ನಿದ್ದೆ ಮಾಡದೆ ನೋಡಿದವರಿಗೆ ಇನ್ನೊಂದು ಸಂಗತಿ ಗೊತ್ತಿರುತ್ತದೆ. ರಾಮಲಕ್ಷ್ಮಣರನ್ನು ಮರುಳು ಮಾಡಲು ಹೊರಟಾಗ ಶೂರ್ಪನಖಿ ಹೆಣ್ಣುಬಣ್ಣದಲ್ಲಿ ಬರುವುದಿಲ್ಲ. ಬಣ್ಣವನ್ನೆಲ್ಲ ಬಿಟ್ಟು, ಮಾಯಾ ಶೂರ್ಪನಖಿಯಾಗಿ, ಮಾಮೂಲು ಸ್ತ್ರೀವೇಷದಲ್ಲಿ ನಯವಾಗಿ ಬರುತ್ತಾಳೆ. ಬಣ್ಣ ಹೊತ್ತ ಶೂರ್ಪನಖಿ ತಾನು ಏನೋ ಅದನ್ನೇ ತೋರಿಸುತ್ತಾಳೆ. ಮೋಸ ಮಾಡುವವಳು ಬಣ್ಣವಿಲ್ಲದವಳು! ಸಾದಾ ಮುಖವೇ ಶೀಲದ ಸರ್ಟಿಫಿಕೇಟು ಎನ್ನುವವರು ಈ ಒಂದು ಪ್ರಸಂಗವನ್ನು ಬೆಳಗಿನ ತನಕ ಕೂತು ನೋಡಬೇಕು.

‘ಕಾಡಿಗೆ ಇದೆಯಲ್ಲ, ಸಾಲದೇ?’ ಎಂದು ಕೆಲವರು ರಾಜಿಗೆ ಬರುತ್ತಾರೆ. ಕಾಡಿಗೆಯ ಮೇಲೆ ನನಗೆ ಪ್ರೀತಿಯೇ ಇದೆ. ಹೊನಗೊನೆ ಸೊಪ್ಪಿನ ರಸದಲ್ಲಿ ಬಟ್ಟೆ ಅದ್ದಿ ಒಣಗಿಸಿ, ಬತ್ತಿ ಹೊಸೆದು, ಹರಳೆಣ್ಣೆಯಲ್ಲಿ ಉರಿಸಿ, ಮೇಲೆ ತಾಮ್ರದ ತಟ್ಟೆ ಮಗುಚಿಟ್ಟು, ಕೂತ ಮಸಿಯನ್ನು ತುಪ್ಪದಲ್ಲಿ ಕಲಸಿಡುವ ಕೆಲಸ ನನ್ನ ಕೈಗೂ ಗೊತ್ತು. ಆದರೆ ಕಾಡಿಗೆಗೆ ಪರವಾನಗಿ ಸಿಕ್ಕಿದ್ದು ಅದು ಚಂದವೆಂದಲ್ಲ, ‘ಕಣ್ಣಿಗೆ ತಂಪು’ ಎಂಬ ಕಾರಣಕ್ಕೆ. ಮದರಂಗಿಯೂ ತಂಪು, ಅರಿಸಿನ ಚರ್ಮಕ್ಕೆ ಒಳ್ಳೆಯದು, ಕಾಲುಂಗುರ ನರಕ್ಕೆ ಒಳ್ಳೆಯದು. ಹೆಣ್ಣಿನ ಪ್ರತಿ ಸಂತೋಷಕ್ಕೂ ಒಂದು ಔಷಧಿಯ ಚೀಟಿ ಬೇಕು! ತಮಾಷೆಯೆಂದರೆ, ಆ ತಂಪಿನ ಮಾತೇ ಎಲ್ಲ ಸಲವೂ ನಿಜವಲ್ಲ. ಕೆಲವು ಸುರ್ಮಾಗಳಲ್ಲಿ ಸೀಸವಿರುತ್ತದೆ; ಎಳೆಮಕ್ಕಳ ಕಣ್ಣಿಗೆ ಕಾಡಿಗೆ ಹಚ್ಚಬೇಡಿ ಎಂದು ಡಾಕ್ಟರುಗಳು ಹೇಳುತ್ತಲೇ ಇದ್ದಾರೆ. ಇನ್ನು ರೆಪ್ಪೆಯ ಬಣ್ಣ ನಿನ್ನೆ ಮೊನ್ನೆಯ ಫ್ಯಾಶನ್ನೂ ಅಲ್ಲ. ಈಜಿಪ್ಟಿನವರು ಐದು ಸಾವಿರ ವರ್ಷಗಳ ಹಿಂದೆಯೇ ಹಸಿರು ತಾಮ್ರದ ಅದಿರನ್ನು ಅರೆದು ರೆಪ್ಪೆಗೆ ಹಚ್ಚುತ್ತಿದ್ದರು. ಗಂಡಸರೂ ಹಚ್ಚುತ್ತಿದ್ದರು.

ಎರಡನೆಯದು ಮೈಬಣ್ಣ. ನಾನು ಕಪ್ಪು. ‘ಎಣ್ಣೆಗಪ್ಪು’ ಎಂದು ಸಂಬಂಧ ನೋಡಲು ಬಂದವರು ಮರ್ಯಾದೆಗೆ ಹೇಳುತ್ತಿದ್ದರು. ನಮ್ಮ ಪೇಟೆಗಳ ಇಬ್ಬಗೆ ನೋಡಿ. ಫೇರ್ ಅಂಡ್ ಲವ್ಲಿ 1975ರಲ್ಲಿ ಬಂತು. ಅದು ಸಂಸ್ಕೃತಿಯೋ ಅಲ್ಲವೋ ಎಂದು ಯಾರೂ ಚರ್ಚೆಗೆ ಕೂರಲಿಲ್ಲ. ಅಮ್ಮಂದಿರೇ ತಂದು ಮಗಳ ಕೈಗೆ ಕೊಟ್ಟರು. 2020ರಲ್ಲಿ ಆ ‘ಫೇರ್’ ಎಂಬ ಶಬ್ದವನ್ನು ಕಂಪನಿಯೇ ನಾಚಿ ಕಿತ್ತುಹಾಕಿತು. ನಮ್ಮ ಮನೆಗಳು ಇನ್ನೂ ನಾಚಿಲ್ಲ. ಕಪ್ಪನ್ನು ಅಡಗಿಸುವ ಬಣ್ಣ ಸಭ್ಯ, ಕಪ್ಪಿನ ಮೇಲೆ ಎದ್ದು ಕಾಣುವ ಬಣ್ಣ ಅಸಭ್ಯ. ಒಂದು ‘ನಿನ್ನನ್ನು ನೀನು ಮುಚ್ಚಿಕೋ’ ಎನ್ನುತ್ತದೆ, ಇನ್ನೊಂದು ‘ಹೌದು, ನಾನು ಹೀಗೆ’ ಎನ್ನುತ್ತದೆ. ಊರಿಗೆ ಯಾವುದು ಇಷ್ಟ ಎಂದು ಹೇಳಬೇಕೇ?

‘ಒಪ್ಪುವುದಿಲ್ಲ’ ಎನ್ನುವ ಮಾತನ್ನು ಹಚ್ಚಿಯೇ ನೋಡಬೇಕೆಂದು ನನಗೆ ಹಟ ಹುಟ್ಟಿದ್ದು ಭಟ್ಕಳದ ಒಬ್ಬ ಸಹೋದ್ಯೋಗಿಯಿಂದ. ನವಾಯತ ಮನೆತನದವಳು. ಅವಳ ಮನೆಯವರು ಗಲ್ಫಿನಿಂದ ಬರುವಾಗ ಹಬ್ಬಕ್ಕೆಂದೇ ಮಾಡಿದ ಹನ್ನೆರಡು ಬಣ್ಣದ ಐಶ್ಯಾಡೋ ಪೆಟ್ಟಿಗೆ ಎರಡು ತಂದಿದ್ದರಂತೆ. ಒಂದನ್ನು ನನಗೆ ಕೊಟ್ಟಳು. ‘ನಿಮ್ಮವರು ನಮ್ಮ ಬುರ್ಖಾ ನೋಡಿ ನಮಗೆ ಬಣ್ಣವೇ ಗೊತ್ತಿಲ್ಲ ಅಂದುಕೊಂಡಿದ್ದಾರೆ. ನಮ್ಮ ಮದುವೆಮನೆಯ ಹೆಂಗಸರ ಕೋಣೆಗೆ ಒಮ್ಮೆ ಬನ್ನಿ. ಅಲ್ಲಿ ಗಂಡಸರ ನೆರಳೂ ಇಲ್ಲ. ಆದರೂ ನಾವು ಎರಡು ಗಂಟೆ ಕನ್ನಡಿ ಎದುರು ಕೂರುತ್ತೇವೆ. ಯಾರಿಗೆ ಅಂತೀರಿ?’ ಎಂದಳು. ‘ಯಾರಿಗೆ ತೋರಿಸಲಿಕ್ಕೆ’ ಎಂಬ ಪ್ರಶ್ನೆಗೆ ನಾನು ಕೇಳಿದ ಉತ್ತರಗಳಲ್ಲೆಲ್ಲ ಇದೇ ದೊಡ್ಡದು. ಹೆಂಗಸರು ಹೆಂಗಸರಿಗಾಗಿ, ತಮಗಾಗಿ, ಬಣ್ಣದ ಸಂತೋಷಕ್ಕಾಗಿ ಸಿಂಗರಿಸಿಕೊಳ್ಳುತ್ತಾರೆಂಬುದು ಪ್ರಶ್ನೆ ಕೇಳುವವರ ತಲೆಗೆ ಹೊಳೆಯುವುದೇ ಇಲ್ಲ.

ನನ್ನ ಗಡಿ ಅಲ್ಲಿಯತನಕ ಪೌಡರು, ಕುಂಕುಮ, ಕಾಡಿಗೆ. ದೀಪಾವಳಿಗೆ ಇನ್ನೂ ಎರಡು ವಾರವಿತ್ತು. ಅಡುಗೆಮನೆ ಕೆಲಸ ಮುಗಿದ ಮೇಲೆ ರಾತ್ರಿ ಒಂದೊಂದೇ ಬಣ್ಣ ಹಚ್ಚಿ ನೋಡಿದೆ. ‘ನಿಮ್ಮಂಥವರಿಗೆ ಇದು ಸಾಕು’ ಎಂದು ಅಂಗಡಿಯವರು ತೋರಿಸುವ ತಿಳಿ ಗುಲಾಬಿ, ತಿಳಿ ಕೆನೆ ಬಣ್ಣಗಳಿವೆಯಲ್ಲ, ಅವೇ ನನ್ನ ರೆಪ್ಪೆಯ ಮೇಲೆ ಬೂದಿ ಸವರಿದ ಹಾಗೆ ಕಂಡವು. ತಿಳಿಬಣ್ಣದಲ್ಲಿ ಬಿಳಿಯ ಪುಡಿ ಹೆಚ್ಚು. ಕಪ್ಪು ಚರ್ಮದ ಮೇಲೆ ಅದು ಸುಣ್ಣದಂತೆ ತೇಲುತ್ತದೆ. ನಾನು ಹೆದರಿದ್ದ ಬಣ್ಣಗಳೇ ನನಗೆ ಒಲಿದವು. ತಾಮ್ರದ ಬಣ್ಣ, ಗಾಢ ಹಸಿರು, ಕಪ್ಪಿಗೆ ಹತ್ತಿರದ ನೀಲಿ. ಡಬ್ಬಿಯ ಮೇಲಿನ ಇಂಗ್ಲಿಷ್ ಹೆಸರುಗಳು ನಾಲಗೆಗೆ ಹತ್ತಲಿಲ್ಲವೆಂದು ನಾನೇ ಹೆಸರಿಟ್ಟೆ. ಒಂದು ಮುರುಗಲು ಹಣ್ಣಿನ ಕೆಂಪು, ಒಂದು ಅಬ್ಬಲಿಗೆ, ಒಂದು ಹಸಿ ಅಡಿಕೆ. ನೀಲಿಯ ಮೇಲೆ ಹಸಿರು ಮಿಂಚುವ ಒಂದು ಬಣ್ಣವಿತ್ತು. ಅದನ್ನು ಎಲ್ಲೋ ಕಂಡ ಹಾಗಿದೆಯಲ್ಲ ಎಂದು ಎರಡು ದಿನ ತಲೆ ಕೆರೆದುಕೊಂಡೆ. ಆಮೇಲೆ ಮೀನುಪೇಟೆಯ ಎದುರು ಹೋಗುವಾಗ ಬುಟ್ಟಿಯಲ್ಲಿ ಸಿಕ್ಕಿತು. ಬಂಗಡೆಯ ಬೆನ್ನು! ನಮ್ಮ ಕಡಲಿನ ಬಣ್ಣವೇ ನಮಗೆ ಒಪ್ಪುವುದಿಲ್ಲವೆಂದರೆ ಹೇಗೆ?

ಮೂರನೆಯದು ಕಂಪನಿಗಳ ಮೋಸ. ಈ ಮಾತನ್ನು ಓದಿದ ಗೆಳತಿಯರು ಆಡುತ್ತಾರೆ, ನಾನೂ ಅರ್ಧ ಒಪ್ಪುತ್ತೇನೆ. 1991ರಲ್ಲಿ ದೇಶ ಮಾರುಕಟ್ಟೆಗೆ ಬಾಗಿಲು ತೆರೆಯಿತು. 1994ರಲ್ಲಿ ನಮ್ಮ ಇಬ್ಬರು ಹುಡುಗಿಯರು ಒಟ್ಟಿಗೇ ವಿಶ್ವಸುಂದರಿ, ಭುವನಸುಂದರಿಯರಾದರು. ಸೌಂದರ್ಯದ ಸಾಮಾನು ಪೇಟೆಪೇಟೆಗೂ ಬಂತು. 1996ರಲ್ಲಿ ಬೆಂಗಳೂರಿನಲ್ಲಿ ವಿಶ್ವಸುಂದರಿ ಸ್ಪರ್ಧೆ ನಡೆದಾಗ ಬೀದಿಗಿಳಿದವರಲ್ಲಿ ಎರಡು ತರದವರಿದ್ದರು. ಹೆಣ್ಣನ್ನು ಅಳತೆಪಟ್ಟಿಯಿಂದ ಅಳೆದು ಸರಕು ಮಾರಬೇಡಿ ಎಂದವರು ಒಂದು ತರ. ಹೆಣ್ಣು ಹೀಗೆಲ್ಲ ಕಾಣಿಸಿಕೊಳ್ಳಬಾರದು ಎಂದವರು ಇನ್ನೊಂದು ತರ. ನಾನು ಮೊದಲಿನವರ ಕಡೆ. ಹಾಗಾಗಿಯೇ ಎರಡನೆಯವರ ಜೊತೆ ಒಂದೇ ಬೆಂಚಿನಲ್ಲಿ ಕೂರಲಾರೆ. ನನಗೆ ಅಂಕ ಕೊಡಲು ತೀರ್ಪುಗಾರರು ಬೇಡ ಎನ್ನುವ ಮಾತು ವೇದಿಕೆಯ ತೀರ್ಪುಗಾರರಿಗೂ ಅನ್ವಯಿಸಬೇಕು, ಜಗಲಿಯ ತೀರ್ಪುಗಾರರಿಗೂ ಅನ್ವಯಿಸಬೇಕು.

ಕಂಪನಿಯ ಮೋಸಕ್ಕೆ ಮದ್ದು ತಿಳುವಳಿಕೆಯೇ ಹೊರತು ಹೆದರಿಕೆಯಲ್ಲ. ಆ ಪೆಟ್ಟಿಗೆಯಲ್ಲಿ ಹೊಳೆಯುವುದು ಬಹುಪಾಲು ಅಭ್ರಕ. ಕೆಂಪು, ಕಂದು, ಹಳದಿ ಕೊಡುವುದು ಕಬ್ಬಿಣದ ಆಕ್ಸೈಡು. ನಮ್ಮ ಗೋಡೆಯ ಕೆಮ್ಮಣ್ಣಿಗೆ ಕೆಂಪು ಕೊಟ್ಟಿದ್ದೂ ಅದೇ. ಕೆಮ್ಮಣ್ಣಿನ ನೆಂಟಸ್ತಿಕೆಗೆ ಸಾವಿರಗಟ್ಟಲೆ ದುಡ್ಡು ಯಾಕೆ ಸುರಿಯಬೇಕು? ಪ್ರತಿ ಹಬ್ಬಕ್ಕೂ ‘ಹೊಸ ಆವೃತ್ತಿ’ ಎಂದು ಹನ್ನೆರಡು, ಹದಿನೆಂಟು ಬಣ್ಣದ ಪೆಟ್ಟಿಗೆ ಬರುತ್ತದೆ. ಅದರಲ್ಲಿ ನೀವು ನಿಜಕ್ಕೂ ಬಳಸುವುದು ಮೂರು. ನಾಲ್ಕು ಬಣ್ಣದ ಸಣ್ಣ ಡಬ್ಬಿ ಸಾಕು, ನಾಲ್ಕು ಹಬ್ಬಕ್ಕೆ ಬರುತ್ತದೆ. ಹೆಸರು, ವಿಳಾಸ, ತಯಾರಾದ ತಾರೀಕು ಇಲ್ಲದ ಜಾತ್ರೆಯ ಡಬ್ಬಿ ಬೇಡ. ಬಣ್ಣಕ್ಕಾಗಿ ಸೀಸ, ಪಾಷಾಣದ ಸಂಯುಕ್ತ ಬೆರೆಸುವುದನ್ನು 2020ರ ನಮ್ಮ ಸೌಂದರ್ಯವರ್ಧಕ ನಿಯಮಗಳು ನಿಷೇಧಿಸಿವೆ. ಆದರೆ ವಿಳಾಸವೇ ಇಲ್ಲದವನನ್ನು ಯಾವ ನಿಯಮ ಹಿಡಿದೀತು? ರಂಗೋಲಿಯ ಚಮಕಿಯನ್ನಂತೂ ಕಣ್ಣಿನ ಹತ್ತಿರ ತರಬೇಡಿ. ಮೊದಲ ದಿನ ಕಿವಿಯ ಹಿಂದೆ ಸ್ವಲ್ಪ ಹಚ್ಚಿ ತುರಿಕೆ ಬರುತ್ತದೋ ನೋಡಿ. ಕಣ್ಣಿನ ಆಪರೇಶನ್ ಆದವರು ಡಾಕ್ಟರನ್ನು ಕೇಳದೆ ಹಚ್ಚಬಾರದು. ನಮ್ಮ ಕರಾವಳಿಯ ಬೆವರಿಗೆ ಬಣ್ಣ ಮಡಿಕೆಯಲ್ಲಿ ಸೇರಿ ಗೆರೆಗಟ್ಟುತ್ತದೆ. ಮೊದಲು ರೆಪ್ಪೆಯ ಜಿಡ್ಡು ಒರೆಸಿ, ಚೂರು ಪೌಡರು ತಾಗಿಸಿ, ಮೇಲೆ ತೆಳ್ಳಗೆ ಹಚ್ಚಿದರೆ ನಿಲ್ಲುತ್ತದೆ. ರಾತ್ರಿ ಮಲಗುವ ಮುಂಚೆ ಕಣ್ಣು ಮುಚ್ಚಿಕೊಂಡು ತೆಂಗಿನೆಣ್ಣೆಯಲ್ಲಿ ಒರೆಸಿಬಿಡಿ. ವೇಷದವರು ಬಣ್ಣ ತೆಗೆಯುವುದೂ ತೆಂಗಿನೆಣ್ಣೆಯಲ್ಲೇ.

ಇನ್ನು ನಾಲ್ಕನೆಯದು, ‘ನಮ್ಮ ವಯಸ್ಸಿಗೆ ಸಲ್ಲದು’. ಇದು ನಾಲ್ಕರಲ್ಲಿ ಅತ್ಯಂತ ಕ್ರೂರವಾದದ್ದು. ಯಾಕೆಂದರೆ ವಯಸ್ಸು ಎಂಬುದು ಅಲ್ಲಿ ಬರಿಯ ಮರೆ. ಬಾಣಂತಿಗೆ ಇಷ್ಟು, ಮದುವೆಯಾಗದವಳಿಗೆ ಇಷ್ಟು, ಮೊಮ್ಮಕ್ಕಳಾದವಳಿಗೆ ಇಷ್ಟು ಎಂದು ಬಣ್ಣವನ್ನು ರೇಶನ್ ಅಂಗಡಿಯಂತೆ ಅಳೆದು ಕೊಡುವ ವ್ಯವಸ್ಥೆ ನಮ್ಮದು. ಗಂಡ ಸತ್ತವಳ ಕಾರ್ಡೇ ರದ್ದು.

ಕುಮಟೆಯಲ್ಲಿ ನನ್ನ ಚಿಕ್ಕಮ್ಮನೊಬ್ಬಳಿದ್ದಾಳೆ. 31ನೇ ವಯಸ್ಸಿಗೆ ಗಂಡ ತೀರಿಕೊಂಡ. ಈಗ ಅವಳಿಗೆ 68. ಮನೆಯ ಅಷ್ಟೂ ಮಕ್ಕಳಿಗೆ ಕಾಡಿಗೆ ಮಾಡಿ ಕೊಟ್ಟವಳು ಅವಳು. ಮದುಮಗಳಿಗೆ ಕಣ್ಣು ಬರೆಯುವುದರಲ್ಲಿ ಅವಳ ಕೈ ನಡುಗುವುದಿಲ್ಲವೆಂದು ಹೆಸರಿತ್ತು. ಆದರೆ ಬರೆಯುವುದು ಒಳಕೋಣೆಯಲ್ಲಿ. ಮಂಟಪದ ಹತ್ತಿರ ಅವಳು ಬರುವಂತಿರಲಿಲ್ಲ. ತನ್ನ ಕಣ್ಣಿಗೆ 37 ವರ್ಷ ಅವಳು ಏನನ್ನೂ ಹಚ್ಚಿಕೊಂಡಿರಲಿಲ್ಲ. ನಮಗೆ ಯಾರಿಗೂ ಅದು ವಿಶೇಷವೆಂದೇ ಅನ್ನಿಸಿರಲಿಲ್ಲ. ಕಳೆದ ದೀಪಾವಳಿಯ ದಿನ ಮಕ್ಕಳೆಲ್ಲ ಆ ಪೆಟ್ಟಿಗೆಯನ್ನು ಚಾಪೆಯ ಮೇಲಿಟ್ಟುಕೊಂಡು ಗದ್ದಲ ಮಾಡುವಾಗ ಅವಳು ಬಂದು ಕೂತಳು. ಬಹಳ ಹೊತ್ತು ಸುಮ್ಮನೆ ನೋಡಿದಳು. ಆಮೇಲೆ ತಾಮ್ರದ ಬಣ್ಣದ ಮೇಲೆ ಬೆರಳಿಟ್ಟು, ‘ಇದು ಕಾಡಿಗೆ ಹಿಡಿಯುವ ತಟ್ಟೆಯ ಬಣ್ಣ ಅಲ್ಲವಾ?’ ಎಂದಳು. ನನ್ನ ಮಗಳು ಮಾತಾಡದೆ ಅವಳ ಕನ್ನಡಕ ತೆಗೆದು ಎರಡೂ ರೆಪ್ಪೆಗೆ ಹಚ್ಚಿಬಿಟ್ಟಳು. ಚಿಕ್ಕಮ್ಮ ಬೇಡವೆನ್ನಲಿಲ್ಲ.

ಊಟದ ಹೊತ್ತಿಗೆ ಹಿರಿಯರೊಬ್ಬರು ಕೇಳಿದರು, ಅದೇ ಪ್ರಶ್ನೆ. ಕೇಳಿದವರು ಹೆಂಗಸೇ. ಚಿಕ್ಕಮ್ಮ ಬಡಿಸುತ್ತಿದ್ದ ಸೌಟನ್ನು ಕೆಳಗಿಡದೆ, ‘ಯಾರಿಗೂ ಅಲ್ಲ ಅಕ್ಕಾ. ನೋಡಬೇಕಾದವರು ನೋಡಲಿಕ್ಕೆ ಇಲ್ಲ ಅಂತ ನನಗೆ ಗೊತ್ತುಂಟು. ನನಗೆ ಕನ್ನಡಿ ಉಂಟಲ್ಲ’ ಎಂದು ಮುಂದಿನ ಎಲೆಗೆ ಹೋದಳು. ಸಂಜೆಯ ತನಕ ಆ ಬಣ್ಣ ಅವಳ ಕಣ್ಣ ಮೇಲೆ ಇತ್ತು. ಬಲೀಂದ್ರನೂ ಮುನಿಯಲಿಲ್ಲ, ಗೋಪೂಜೆಯ ದನವೂ ಬೆದರಲಿಲ್ಲ.

ಕುಮಟೆಯ ಸಂತೆಯಲ್ಲಿ ತರಕಾರಿ ಮಾರುವ ಹಾಲಕ್ಕಿ ಅಜ್ಜಿಯರನ್ನು ನೋಡಿ. ಕೂದಲು ಹಣ್ಣಾಗಿರುತ್ತದೆ, ಕೊರಳಿನಲ್ಲಿ ಬಣ್ಣಬಣ್ಣದ ಮಣಿಸರದ ರಾಶಿ. ವಯಸ್ಸಾಯಿತೆಂದು ಒಂದೆಳೆ ಕಮ್ಮಿ ಮಾಡಿದ್ದನ್ನು ನಾನು ಕಂಡಿಲ್ಲ. ಓದು, ನೌಕರಿ, ಪಾಸ್‌ಬುಕ್ಕು ಎಲ್ಲ ಇದ್ದೂ ನಾವು ಅವರಿಗಿಂತ ಪುಕ್ಕಲರಾದದ್ದು ಹೇಗೆ?

ಎಲ್ಲರೂ ಬಣ್ಣ ಹಚ್ಚಲೇಬೇಕೆಂದು ನಾನು ಹೇಳುತ್ತಿಲ್ಲ. ಬೇಡವೆನಿಸಿದವಳು ಬಿಡಲಿ, ಬರಿಯ ಮುಖವೂ ಚಂದವೇ. ಆದರೆ ‘ನನಗೆ ಬೇಡ’ ಎನ್ನುವುದಕ್ಕೂ ‘ನಮ್ಮಂಥವರಿಗಲ್ಲ’ ಎನ್ನುವುದಕ್ಕೂ ಅಜಗಜಾಂತರ. ಮೊದಲನೆಯದು ನಿಮ್ಮ ಮಾತು. ಎರಡನೆಯದನ್ನು ಯಾರೋ ಹೇಳಿಕೊಟ್ಟಿದ್ದಾರೆ. ಯಾವುದನ್ನು ಆಡುತ್ತಿದ್ದೇನೆಂದು ಒಮ್ಮೆ ಕೇಳಿಕೊಳ್ಳಿ.

ಇನ್ನೊಂದು ಬೇಡಿಕೆ, ನನ್ನ ವಾರಗೆಯ ಅತ್ತೆಯರಿಗೆ, ಅಮ್ಮಂದಿರಿಗೆ. ಈ ಹಬ್ಬಕ್ಕೆ ಮನೆಯ ಸೊಸೆಯೋ, ಮಗಳೋ, ಗಂಡನಿಲ್ಲದ ಅತ್ತಿಗೆಯೋ ರೆಪ್ಪೆಗೆ ಹೊಸದೊಂದು ಬಣ್ಣ ಹಚ್ಚಿ ಜಗಲಿಗೆ ಬಂದರೆ, ಆ ಹಳೆಯ ಪ್ರಶ್ನೆ ನಾಲಗೆಯ ತುದಿಗೆ ಬಂದೇ ಬರುತ್ತದೆ. ಅದನ್ನು ನುಂಗಿಕೊಂಡು ಬೇರೆ ಪ್ರಶ್ನೆ ಕೇಳಿ: ‘ಯಾವ ಬಣ್ಣವೇ ಅದು? ಡಬ್ಬಿ ಇಲ್ಲಿ ತಾ, ನೋಡುವ.’